ಮೂವತ್ತೆಂಟು ಡಬ್ಬಿ ಉಚ್ಚೆ

ಕಕ್ಕಸಿನ ಬಾಗಿಲಿಗೆ ಆ ಕಾಗದ ಅಂಟಿಸಿದವನು ಮೇಸ್ತ್ರಿ ರೊಹೇಲಿಯೊ. ಬೇರೆ ಜಾಗವಿರಲಿಲ್ಲವೆಂದಲ್ಲ. ಕೆಲಸದ ಹೆಂಗಸರು ದಿನಕ್ಕೆ ಒಂದು ಸಲವಾದರೂ ಅಲ್ಲಿಗೆ ಬರಲೇಬೇಕು, ಬಂದಾಗ ಕಣ್ಣಿಗೆ ಬೀಳಲಿ ಎಂದು. ಮೂವತ್ತೆಂಟು ಹೆಂಗಸರಲ್ಲಿ ಓದಲು ಬರುತ್ತಿದ್ದವರು ನಾಲ್ಕು ಮಂದಿ. ಅವರಲ್ಲಿ ಅಲ್ಬೀನಾ ಒಬ್ಬಳು. ಅವಳೂ ಓದು ಕಲಿತದ್ದು ಈ ದೇಶಕ್ಕೆ ಬಂದು, ಮೂವತ್ತು ದಾಟಿದ ಮೇಲೆ.

ಕಾಗದದ ನೆತ್ತಿಯಲ್ಲಿ ವಿಶ್ವವಿದ್ಯಾಲಯದ ಮುದ್ರೆ. ಬುಡದಲ್ಲಿ ಕಂಪನಿಯ ಮುದ್ರೆ. ನಡುವೆ ಸ್ಪ್ಯಾನಿಷಿನಲ್ಲಿ ದಪ್ಪ ಅಕ್ಷರ. ಎಂಟನೇ ಬ್ಲಾಕಿನಲ್ಲಿ ಸ್ಟ್ರಾಬೆರಿ ಕೀಳುವ ಮೂವತ್ತೆಂಟು ಹೆಂಗಸರ ಮೂತ್ರವನ್ನು ಪರೀಕ್ಷಿಸಲಾಗಿದೆ. ಒಬ್ಬರ ಮೈಯಲ್ಲೂ ಬೆಳೆಗೆ ಹೊಡೆಯುವ ಔಷಧಿಯ ಅಂಶ ಸಿಕ್ಕಿಲ್ಲ.

ರೊಹೇಲಿಯೊ ಪಕ್ಕದಲ್ಲೇ ನಿಂತು ಸೂರ್ಯಕಾಂತಿ ಬೀಜ ಅಗಿದು ಉಗಿಯುತ್ತಿದ್ದ. "ನೋಡ್ಕೊಳ್ರೇ ಕುಳ್ಳಿಯರಾ. ಇನ್ಮೇಲೆ ತಲೆನೋವು, ವಾಂತಿ, ಕಣ್ಣುರಿ ಅಂತ ಯಾವಳೂ ನನ್ನ ಹತ್ರ ಬರ್ಬೇಡಿ. ಓದಿದೋರೇ ಬರ್ಕೊಟ್ಟಿದಾರೆ. ನಿಮ್ಮ ಮೈಯಲ್ಲಿರೋದು ಬರೀ ಸೋಮಾರಿತನ."

ಇವನೂ ಗಡಿಯಾಚೆಯ ಮೆಕ್ಸಿಕೋದವನೇ. ಆದರೆ ಉತ್ತರದ ಕಡೆಯವನು, ಸ್ಪ್ಯಾನಿಷ್ ಮನೆಮಾತಿನವನು. ದಕ್ಷಿಣದ ವಾಹಾಕಾ ಬೆಟ್ಟಗಳಿಂದ ಬಂದು ತಮ್ಮದೇ ಭಾಷೆ ಮಾತಾಡುವ ಈ ಕುಳ್ಳು ಹೆಂಗಸರು ಅವನ ಕಣ್ಣಿಗೆ ಮನುಷ್ಯರಿಗಿಂತ ಒಂದು ಮೆಟ್ಟಿಲು ಕೆಳಗಿನವರು. ಗಡಿ ದಾಟುವಾಗ ಆ ಮೆಟ್ಟಿಲನ್ನೂ ಹೊತ್ತುಕೊಂಡೇ ಬಂದಿದ್ದ ಪುಣ್ಯಾತ್ಮ.

ಹೆಂಗಸರು ಅಲ್ಬೀನಾಳ ಮುಖ ನೋಡಿದರು. ಅಲ್ಬೀನಾ ನೆಲ ನೋಡಿದಳು. ಕಾಗದದಲ್ಲಿದ್ದದ್ದು ಸುಳ್ಳು. ಆ ಸುಳ್ಳು ಹುಟ್ಟಿಸಿದವಳು ಅವಳೇ. ಮೂವತ್ತೆಂಟು ಡಬ್ಬಿಯಲ್ಲಿದ್ದದ್ದು ಮೂವತ್ತೆಂಟು ಜನರ ಉಚ್ಚೆಯಲ್ಲ. ಎಲ್ಲ ಒಬ್ಬಳದು. ತೋಮಾಸಜ್ಜಿಯದು.

ಅದು ಆದದ್ದು ಹೀಗೆ.

ಊರಿನ ಚರ್ಚಿನ ಹಿಂದೆ ಒಂದು ಹಜಾರವಿದೆ. ಅಲ್ಲಿ ವಿಶ್ವವಿದ್ಯಾಲಯದವರು ಒಂದು ಕೇಂದ್ರ ನಡೆಸುತ್ತಿದ್ದರು. ದೊಡ್ಡವರಿಗೆ ಅಕ್ಷರ, ಮಕ್ಕಳಿಗೆ ಪಾಠ, ಕಾಯಿಲೆ ಬಿದ್ದವರಿಗೆ ದಾರಿ ತೋರಿಸುವುದು, ಜೊತೆಗೆ ಸಂಶೋಧನೆ. ನೋಡಿಕೊಳ್ಳುತ್ತಿದ್ದವಳು ಮರಿಸೆಲಾ ಮೇಡಂ. ಅವಳ ತಾಯಿಯೂ ಇದೇ ಕಣಿವೆಯಲ್ಲಿ ಬಗ್ಗಿ ಹಣ್ಣು ಕಿತ್ತವಳು. ಮಗಳು ಓದಿ ಡಾಕ್ಟರೇಟು ಪಡೆದು ವಾಪಸು ಬಂದಿದ್ದಳು. ಅಲ್ಬೀನಾಗೆ ಪೆನ್ಸಿಲು ಹಿಡಿಯುವುದು ಕಲಿಸಿದವಳು ಅವಳೇ. ಮೂರು ವರ್ಷ ಕಲಿಸಿದ ಮೇಲೆ ಕುತ್ತಿಗೆಗೊಂದು ಗುರುತಿನ ಚೀಟಿ ಹಾಕಿ, ಇನ್ನು ಮೇಲೆ ನೀನು ನಮ್ಮ ಕಾರ್ಯಕರ್ತೆ ಎಂದಳು. ಬೆಳಗ್ಗೆ ಹಣ್ಣು ಕೀಳುವುದು, ಮಧ್ಯಾಹ್ನದ ಮೇಲೆ ಮನೆಮನೆಗೆ ಹೋಗಿ ಹೆಂಗಸರ ಕಷ್ಟ ಬರೆದುಕೊಳ್ಳುವುದು. ಹುಟ್ಟಿದಾಗಿನಿಂದ ಏಯ್ ಎಂದು ಕರೆಸಿಕೊಂಡವಳಿಗೆ ತನ್ನ ಹೆಸರು ಅಚ್ಚಾದದ್ದು ನೋಡಿ ಎದೆಯುಬ್ಬಿತ್ತು.

ಹೋದ ವರ್ಷ ಮೇಡಂ ಡಬ್ಬಿ ತಂದಳು. ಹಳದಿ ಮುಚ್ಚಳದ, ಮುಷ್ಟಿಯೊಳಗೆ ಹಿಡಿಸುವ ಡಬ್ಬಿ. ಹೆಂಗಸರು ತಮ್ಮ ತಮ್ಮ ಉಚ್ಚೆ ಹಿಡಿದು ಕೊಡಬೇಕು, ಅದರಲ್ಲಿ ವಿಷ ಎಷ್ಟಿದೆ ಎಂದು ಪ್ರಯೋಗಾಲಯ ಹೇಳುತ್ತದೆ, ಆಮೇಲೆ ಕಂಪನಿಯನ್ನು ಕೇಳಬಹುದು. ಹೆಂಗಸರು ಸುತರಾಂ ಒಪ್ಪಲಿಲ್ಲ. ಕಾರಣವಿತ್ತು. ಅದಕ್ಕೂ ಹಿಂದೆ ಪಕ್ಕದ ತೋಟದ ಮೇಸ್ತ್ರಿ ಆರೋಗ್ಯ ತಪಾಸಣೆ ಎಂದು ಹೀಗೇ ಡಬ್ಬಿ ಹಂಚಿದ್ದ. ವಾರದೊಳಗೆ ಆರು ಜನ ಬಸುರಿಯರನ್ನು ಕೆಲಸದ ವ್ಯಾನಿನಿಂದ ರಸ್ತೆ ಮಧ್ಯೆ ಇಳಿಸಿ ಹೋದ. ಮೇಡಂ ಒಳ್ಳೆಯವಳೇ ಇರಬಹುದು, ಡಬ್ಬಿ ಯಾರ ಕೈಗೆ ಹೋಗುತ್ತದೆ ಎಂದು ಅವಳಿಗೇನು ಗೊತ್ತು ಎಂದರು. ಎಲ್ಲರಿಗಿಂತ ಜೋರಾಗಿ ಅಂದವಳು ಫಿದೆನ್ಸಿಯಾ. ಅಲ್ಬೀನಾಳ ಚಿಕ್ಕಮ್ಮನ ಮಗಳು, ಇಪ್ಪತ್ತೆರಡು ವರ್ಷ, ಬಾಯಿ ಬಲು ಜೋರು.

ಡಬ್ಬಿ ತುಂಬದಿದ್ದರೆ ಮೇಡಂ ಮುಂದೆ ಮಾನ ಹೋಗುತ್ತದೆ. ತುಂಬಿಸಿದರೆ ಯಾವಳೋ ಒಬ್ಬ ಬಸುರಿಯ ಅನ್ನ ಹೋಗಬಹುದು. ಅಲ್ಬೀನಾ ಎರಡು ದಿನ ಯೋಚಿಸಿ ತೋಮಾಸಜ್ಜಿಯ ಹತ್ತಿರ ಹೋದಳು. ಅಜ್ಜಿಗೆ ಎಪ್ಪತ್ತು ದಾಟಿದೆ. ತೋಟಕ್ಕೆ ಕಾಲಿಟ್ಟವಳಲ್ಲ. ಕೆಲಸಕ್ಕೆ ಹೋಗುವವರ ಮಕ್ಕಳನ್ನೆಲ್ಲ ಮನೆಯಲ್ಲಿ ಕೂಡಿಹಾಕಿಕೊಂಡು ನೋಡಿಕೊಳ್ಳುವವಳು. ಅವಳಿಗೆ ಎರಡು ದಿನ ಕಷಾಯ ಕುಡಿಸಿದರು, ನೀರು ಕುಡಿಸಿದರು, ಮತ್ತೆ ಕಷಾಯ ಕುಡಿಸಿದರು.

"ಈ ದೇಶಕ್ಕೆ ಬಂದು ಒಂಬತ್ತು ವರ್ಷ ಆಯ್ತು," ಎಂದಳಂತೆ ಅಜ್ಜಿ, "ಇವರು ನನ್ನಿಂದ ಏನಾದ್ರೂ ಕೇಳಿದ್ದು ಇದೇ ಮೊದಲು. ಕೇಳಿದ್ದೂ ಇದನ್ನ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಮೂವತ್ತೆಂಟು ಡಬ್ಬಿ ತುಂಬಿತು. ಮೂವತ್ತೆಂಟು ನಂಬರು ಬಿತ್ತು. ಅಲ್ಬೀನಾ ಐಸ್ ಪೆಟ್ಟಿಗೆಯಲ್ಲಿಟ್ಟು ಕೇಂದ್ರಕ್ಕೆ ಹೊತ್ತುಕೊಂಡು ಹೋದಳು. ಇಷ್ಟು ಬೇಗ ಒಪ್ಪಿಸಿದೆಯಾ ಎಂದು ಮೇಡಂ ಬೆನ್ನು ತಟ್ಟಿದಳು. ಆ ಡಬ್ಬಿಗಳು ಒಂದು ದಿನ ಕಾಗದವಾಗಿ ಬಂದು ತಮ್ಮದೇ ಕತ್ತು ಹಿಡಿಯುತ್ತವೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ. ಕಾಗದ ಯಾವತ್ತೂ ಬೇರೆಯವರ ಕೈಯಲ್ಲೇ ಇದ್ದದ್ದು.

ಕಾಗದ ಅಂಟಿಸಿದ್ದು ಸೋಮವಾರ. ಮಾರನೇ ದಿನ ಮಂಗಳವಾರ ಬೆಳಗ್ಗೆ ಆರಕ್ಕೇ ಕೆಲಸ ಶುರುವಾಯಿತು.

ಸ್ಟ್ರಾಬೆರಿ ಗಿಡ ಮೊಣಕಾಲೆತ್ತರವೂ ಬರುವುದಿಲ್ಲ. ಹಣ್ಣು ಇರುವುದು ಎಲೆಯ ಕೆಳಗೆ, ನೆಲಕ್ಕೆ ತಾಗಿ. ಸೊಂಟದಲ್ಲಿ ಎರಡಾಗಿ ಮಡಿಸಿಕೊಳ್ಳಬೇಕು. ಒಂಟಿಚಕ್ರದ ಗಾಡಿಯನ್ನು ಮುಂದೆ ತಳ್ಳುತ್ತ, ಎರಡೂ ಕೈಯಲ್ಲಿ ಕೀಳುತ್ತ, ಬಗ್ಗಿಯೇ ಮುಂದೆ ಸಾಗಬೇಕು. ಪೆಟ್ಟಿಗೆ ತುಂಬಿದ ಕೂಡಲೇ ಹೊತ್ತುಕೊಂಡು ಲಾರಿಗೆ ಓಡಬೇಕು. ಮತ್ತೆ ಓಡಿ ಬಂದು ಬಗ್ಗಬೇಕು. ಹತ್ತು ಗಂಟೆ ಹೊತ್ತು. ನಲವತ್ತು ದಾಟಿದವರಿಗೆ ಬೆನ್ನು ನೆಟ್ಟಗಾಗುವುದೇ ಇಲ್ಲ. ಮುಖಕ್ಕೆ ಬಟ್ಟೆ ಬಿಗಿದು ಕಣ್ಣು ಮಾತ್ರ ಬಿಟ್ಟುಕೊಂಡಿರುತ್ತಾರೆ. ಬಟ್ಟೆ ಧೂಳನ್ನು ತಡೆಯುತ್ತದೆ. ಔಷಧಿಯನ್ನು ತಡೆಯುವುದಿಲ್ಲ.

ಎಂಟೂವರೆಗೆ ಪಕ್ಕದ ಒಂಬತ್ತನೇ ಬ್ಲಾಕಿಗೆ ಟ್ರ್ಯಾಕ್ಟರು ಬಂತು. ಓಡಿಸುವವನು ತಲೆಯಿಂದ ಕಾಲಿನವರೆಗೆ ಬಿಳಿ ಕೋಟು ತೊಟ್ಟು, ಮುಖಕ್ಕೆ ಗಾಜಿನ ಮುಸುಕು ಹಾಕಿದ್ದ. ಪಕ್ಕದಲ್ಲಿ ಔಷಧಿ ಹೊಡೆಯುವಾಗ ಹೆಂಗಸರನ್ನು ರಸ್ತೆಯಂಚಿಗೆ ಕಳಿಸಬೇಕೆಂಬ ನಿಯಮವಿದೆ. ಅವತ್ತು ಯಾರೂ ಕಳಿಸಲಿಲ್ಲ. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು. ಔಷಧಿಯ ಮಂಜು ನೇರ ಇವರ ಮೇಲೆ ಬಂದು ಬಿತ್ತು.

ಮೊದಲು ನಾಲಗೆಗೆ ಕಬ್ಬಿಣ ನೆಕ್ಕಿದ ರುಚಿ ಬಂತು. ಆಮೇಲೆ ಕಣ್ಣು ಉರಿಯಿತು, ಎದೆ ಬಿಗಿಯಿತು. ನಾಲ್ಕನೇ ಸಾಲಿನಲ್ಲಿ ಒಬ್ಬಳು ಬಟ್ಟೆಯೊಳಗೇ ವಾಂತಿ ಮಾಡಿಕೊಂಡಳು. ಇನ್ನೊಬ್ಬಳು ನಿಂತಲ್ಲೇ ಕುಸಿದು ಕೂತಳು. ಅಲ್ಬೀನಾ ಎದ್ದು ನಿಂತು, ಮೇಸ್ತ್ರಿ, ನಮ್ಮನ್ನು ಬಿಡಿ ಎಂದು ಕೂಗಿದಳು. ರೊಹೇಲಿಯೊ ದೂರದ ಪಿಕಪ್ಪಿನೊಳಗೆ ಗಾಜು ಏರಿಸಿಕೊಂಡು ಕೂತಿದ್ದ. ಗಾಜು ಎರಡು ಬೆರಳು ಇಳಿಸಿ, ಕಾಗದ ಓದಲಿಲ್ಲವಾ ಎಂದು ಕೇಳಿ ಮತ್ತೆ ಏರಿಸಿದ.

ಫಿದೆನ್ಸಿಯಾಗೆ ನಾಲ್ಕು ತಿಂಗಳಾಗಿತ್ತು. ಎರಡು ದೊಗಲೆ ಅಂಗಿ ಒಂದರ ಮೇಲೊಂದು ತೊಟ್ಟು ಮುಚ್ಚಿಕೊಂಡಿದ್ದಳು. ಅಲ್ಬೀನಾಗೆ ಗೊತ್ತಿತ್ತು, ಹೆಂಗಸರಿಗೆಲ್ಲ ಗೊತ್ತಿತ್ತು. ಅವಳು ಗಾಡಿ ಬಿಟ್ಟು ಬಾಯಿಗೆ ಕೈ ಒತ್ತಿ ರಸ್ತೆ ಕಡೆಗೆ ಓಡಿದಳು. ರೊಹೇಲಿಯೊ ಪಿಕಪ್ಪಿನಿಂದ ಇಳಿದ. ಅಡ್ಡ ಬಂದು ಅವಳ ಅಂಗಿಯ ಟೊಪ್ಪಿಗೆ ಹಿಡಿದು ಹಿಂದಕ್ಕೆ ಎಳೆದ. ಎಳೆದು ಸಾಲಿನೊಳಕ್ಕೆ ತಳ್ಳಿದ. ಗಾಡಿಯ ಕಬ್ಬಿಣದ ಅಂಚು ಅವಳ ಹೊಟ್ಟೆಗೆ ನೆಟ್ಟಗೆ ಹೊಡೆಯಿತು. ಅವಳು ಏಳಲು ನೋಡಿದಳು. ಅವನು ಬೂಟಿನಿಂದ ಸೊಂಟಕ್ಕೆ ಒದ್ದ. ಎದ್ದು ಕೀಳು, ನಾಟಕ ಸಾಕು ಎಂದ.

ಹತ್ತು ನಿಮಿಷದ ಮೇಲೆ ಅವಳ ಪ್ಯಾಂಟು ತೊಡೆಯವರೆಗೆ ಒದ್ದೆಯಾಗಿತ್ತು. ಅಲ್ಬೀನಾ ಅವಳನ್ನು ಹೊತ್ತುಕೊಂಡೇ ಪ್ಲಾಸ್ಟಿಕ್ ಕಕ್ಕಸಿನೊಳಗೆ ಹೋದಳು. ಒಳಗೆ ನಿಲ್ಲಲು ಜಾಗವಿಲ್ಲ. ಹಿಂದಿನ ದಿನದ ನಾತ. ಫಿದೆನ್ಸಿಯಾ ಅಕ್ಕನ ಭುಜ ಕಚ್ಚಿ ಹಿಡಿದಿದ್ದಳು, ಕಿರುಚಬಾರದೆಂದು. ಕಿರುಚಿದರೆ ಕೆಲಸ ಹೋಗುತ್ತದಲ್ಲ. ಹೊಟ್ಟೆಯಲ್ಲಿದ್ದದ್ದು ಅಲ್ಬೀನಾಳ ಅಂಗೈಗೆ ಬಂತು. ಬಿಸಿಯಾಗಿತ್ತು. ಬೆರಳು ಮೂಡಿದ್ದವು.

ಹೊರಗಿನಿಂದ ರೊಹೇಲಿಯೊ ಬಾಗಿಲಿಗೆ ಗುದ್ದುತ್ತಿದ್ದ. ಅಲ್ಬೀನಾ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಅದರಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಹೊರಗೆ ಬಂದಳು. ಅವನು ಗಂಟು ನೋಡಿದ. ಏನೆಂದು ತಿಳಿಯಿತು.

"ಬಸುರಿ ಅಂತ ಹೇಳ್ದೆ ಕೆಲಸಕ್ಕೆ ಬಂದಿದಾಳೆ," ಎಂದ. "ಇದು ಮೋಸ. ಇವಳ ಮೇಲೇ ಕೇಸು ಹಾಕ್ಬೇಕು."

ಅಲ್ಬೀನಾಗೆ ಅಲ್ಲೇ ಅವನ ಗಂಟಲಿಗೆ ಬಾಯಿ ಹಾಕಬೇಕೆನಿಸಿತು. ಕೈ ಖಾಲಿ ಇರಲಿಲ್ಲ.

ಫಿದೆನ್ಸಿಯಾಳನ್ನು ಆಸ್ಪತ್ರೆಗೆ ಸೇರಿಸಿ ಅವಳು ಮಧ್ಯಾಹ್ನ ಕೇಂದ್ರಕ್ಕೆ ಹೋದಳು. ಅಂಗಿಯ ತೋಳಿಗೆ ರಕ್ತ ಒಣಗಿ ಅಂಟಿತ್ತು. ಮರಿಸೆಲಾ ಮೇಡಂ ಮಕ್ಕಳ ಪುಸ್ತಕ ಜೋಡಿಸುತ್ತಿದ್ದಳು. ಅಲ್ಬೀನಾ ನಿಂತೇ ಎಲ್ಲ ಹೇಳಿದಳು. ಬೆಳಗಿನದನ್ನೂ ಹೇಳಿದಳು, ಡಬ್ಬಿಯ ಮೋಸವನ್ನೂ ಹೇಳಿದಳು. ಎಲ್ಲ ಒಬ್ಬಳೇ ಮುದುಕಿಯದು, ಮೇಡಂ. ನಾನೇ ಮಾಡಿದ್ದು.

ಮೇಡಂಗೆ ಸಿಟ್ಟು ಬರುತ್ತದೆ, ಕಪಾಳಕ್ಕೆ ಹೊಡೆಯುತ್ತಾಳೆ ಎಂದುಕೊಂಡಿದ್ದಳು. ಮೇಡಂ ಕುರ್ಚಿಯಲ್ಲಿ ಕೂತು ಹಣೆ ಹಿಡಿದುಕೊಂಡಳು. ಪ್ರಯೋಗಾಲಯದವರು ವರದಿಗೆ ಮೊದಲೇ ಫೋನು ಮಾಡಿದ್ದರಂತೆ. ಎಲ್ಲ ಡಬ್ಬಿಯೂ ಒಂದೇ ಥರ ಇವೆ, ಏನೋ ಸರಿಯಿಲ್ಲ, ಮತ್ತೆ ತೆಗೆದು ಕಳಿಸಿ ಎಂದಿದ್ದರಂತೆ. ವರದಿ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಒಪ್ಪಿಸದಿದ್ದರೆ ಕೇಂದ್ರಕ್ಕೆ ಬರುವ ಸಹಾಯ ನಿಂತು ಹೋಗುತ್ತಿತ್ತು. ಮೇಡಂ ಆ ಫೋನನ್ನು ಮರೆತವಳ ಹಾಗೆ ಇದ್ದುಬಿಟ್ಟಿದ್ದಳು.

"ನಿಮಗೆ ಗೊತ್ತಿತ್ತು," ಎಂದಳು ಅಲ್ಬೀನಾ.

"ಅನುಮಾನ ಇತ್ತು."

ಗುರುವಾರ ಬೆಳಗ್ಗೆ ಹತ್ತಕ್ಕೆ ಜಿಲ್ಲೆಯ ಕೃಷಿ ಇಲಾಖೆಯ ವಿಚಾರಣೆ. ಪಕ್ಕದ ಬ್ಲಾಕಿನಲ್ಲಿ ಔಷಧಿ ಹೊಡೆಯುವಾಗ ಆಳುಗಳನ್ನು ದೂರ ಕಳಿಸುವ ನಿಯಮವನ್ನೇ ತೆಗೆದುಹಾಕಿ ಎಂದು ಕಂಪನಿ ಅರ್ಜಿ ಹಾಕಿತ್ತು. ಅರ್ಜಿಗೆ ಪುರಾವೆ ಈ ಕಾಗದವೇ. ಅವತ್ತು ಒಪ್ಪಿಬಿಟ್ಟರೆ ಮಂಗಳವಾರ ಆದದ್ದು ಇನ್ನು ದಿನಾ ಆಗುತ್ತದೆ, ಕಣಿವೆಯ ಎಲ್ಲ ತೋಟದಲ್ಲೂ. ಅಲ್ಬೀನಾ ಅಲ್ಲಿ ನಿಂತು ಸತ್ಯ ಹೇಳುತ್ತೇನೆ ಎಂದಳು. ಮೇಡಂ ಬೇಡವೆಂದಳು. ಕೇಂದ್ರ ಮುಚ್ಚಿಸುತ್ತಾರೆ, ಇನ್ನೂರು ಮಕ್ಕಳು ಪಾಠಕ್ಕೆ ಬರುತ್ತಾರೆ, ಅವರ ಗತಿ ಏನು ಎಂದಳು. ಈ ದೇಶದಲ್ಲಿರಲಿಕ್ಕೆ ನಿನ್ನ ಹತ್ತಿರ ಕಾಗದಪತ್ರವಿಲ್ಲ, ಮೋಸ ಮಾಡಿದೆ ಅಂತ ನೀನೇ ಒಪ್ಪಿಕೊಂಡರೆ ಹಿಡಿದು ಗಡಿಯಾಚೆಗೆ ಎಸೆಯುತ್ತಾರೆ ಎಂದಳು. ಸ್ವಲ್ಪ ದಿನ ಹೋಗಲಿ, ಹೊಸದಾಗಿ ಅನುಮತಿ ತೆಗೆದುಕೊಂಡು ಸರಿಯಾಗಿ ಮಾಡೋಣ ಎಂದಳು. ಮೇಡಂ ಅಳುತ್ತಿದ್ದಳು. ಅಳು ನಿಜವೇ ಇತ್ತು. ಅಲ್ಬೀನಾಗೆ ಅದರಿಂದ ಏನೂ ಆಗಲಿಲ್ಲ.

"ಮೇಡಂ, ಅದಕ್ಕೆ ಬೆರಳು ಬಂದಿತ್ತು," ಎಂದಳು.

ಮೈಗೆ ಹೋದ ಔಷಧಿ ಉಚ್ಚೆಯಲ್ಲಿ ಇರುವುದು ಎರಡು ಮೂರು ದಿನ ಮಾತ್ರ. ಅದನ್ನೂ ಕಲಿಸಿದವಳು ಮೇಡಂ. ಅಲ್ಬೀನಾ ಕಪಾಟು ತೆಗೆದು ಉಳಿದಿದ್ದ ಡಬ್ಬಿಗಳ ರಟ್ಟಿನ ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡಳು, ಐಸ್ ಪೆಟ್ಟಿಗೆ ಕೈಗೆ ತೆಗೆದುಕೊಂಡಳು. ಮೇಡಂ ಬಾಗಿಲಲ್ಲಿ ನಿಂತಿದ್ದಳು. ದಾರಿ ಬಿಡಿ ಎನ್ನಲೂ ಇಲ್ಲ ಇವಳು, ತಡೆಯಲೂ ಇಲ್ಲ ಅವಳು.

ಅವತ್ತು ಸಂಜೆ ತೋಮಾಸಜ್ಜಿ ತೆಕಿಯೊ ಕರೆದಳು.

ಅವರ ಬೆಟ್ಟದೂರಿನಲ್ಲಿ ದಾರಿ ಕುಸಿದರೆ, ನೀರಿನ ಕಾಲುವೆ ಕಟ್ಟಿಕೊಂಡರೆ, ಗಂಟೆ ಹೊಡೆಯುತ್ತಾರೆ. ಮನೆಗೊಬ್ಬರು ಗುದ್ದಲಿ ಹಿಡಿದು ಬರಬೇಕು. ಕೂಲಿಯಿಲ್ಲ, ಊಟವೂ ಅವರವರದೇ. ಅದು ತೆಕಿಯೊ. ಬರದವರಿಗೆ ಊರ ನೀರಿಲ್ಲ, ಸತ್ತರೆ ಊರ ಮಣ್ಣಿಲ್ಲ. ಗಡಿ ದಾಟಿ ಬಂದರೂ ಇದನ್ನು ಬಿಟ್ಟಿಲ್ಲ. ಇಲ್ಲಿ ಯಾರಾದರೂ ಸತ್ತರೆ ಹೆಣವನ್ನು ಊರಿಗೆ ಮುಟ್ಟಿಸುವುದು ತೆಕಿಯೊದಲ್ಲೇ. ಗಂಟೆ ಇಲ್ಲದ್ದಕ್ಕೆ ಅಜ್ಜಿ ಬಾಣಲೆಗೆ ಸೌಟು ಬಡಿದಳು. ಆ ಬೀದಿಯ ಹೆಂಗಸರೆಲ್ಲ ಹಿತ್ತಲಿಗೆ ಬಂದರು.

ಅಜ್ಜಿ ಮಾತು ಬೆಳೆಸಲಿಲ್ಲ. "ಊರಲ್ಲಾದ್ರೆ ತೆಕಿಯೊಗೆ ಬದಲಿ ಆಳು ಕಳಿಸ್ಬಹುದು. ಈ ತೆಕಿಯೊಗೆ ಬದಲಿ ಇಲ್ಲ. ಹೋದ ಸಲ ನಿಮ್ಮೆಲ್ಲರ ಬದಲಿ ನಾನೊಬ್ಬಳೇ ಆದೆ. ಆಗಿದ್ದು ನೋಡಿದ್ರಲ್ಲ."

ಬಸುರಿಯರು ಇನ್ನೂ ಇಬ್ಬರಿದ್ದರು. ಅವರಲ್ಲಿ ದೊಡ್ಡವಳು ಮೊದಲು ಕೈ ಚಾಚಿ ಡಬ್ಬಿ ತೆಗೆದುಕೊಂಡಳು. ಮನೆಯಲ್ಲಿ ತುಂಬಿಸುವುದು ಬೇಡ, ಮತ್ತೆ ಯಾರಾದರೂ ಮೋಸ ಎಂದಾರು, ಹಗಲಲ್ಲಿ, ತೋಟದಲ್ಲೇ, ಒಬ್ಬರ ಎದುರು ಒಬ್ಬರು ಕೂತು ತುಂಬಿಸೋಣ ಎಂದು ತೀರ್ಮಾನವಾಯಿತು.

ಬುಧವಾರ ಒಂಬತ್ತು ಗಂಟೆಯ ಬಿಡುವಿನಲ್ಲಿ ಮೂವತ್ತೇಳು ಹೆಂಗಸರು ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತರು. ಒಬ್ಬಳು ಕೂತರೆ ಇನ್ನೊಬ್ಬಳು ಅಂಗಿ ಬಿಚ್ಚಿ ಅಡ್ಡ ಹಿಡಿದಳು. ನಾಚಿಕೆ ಇತ್ತು. ಇಲ್ಲವೆನ್ನುವುದು ಸುಳ್ಳು. ಕೆಲವರಿಗೆ ನಾಚಿಕೆಯಿಂದಲೇ ಬರಲಿಲ್ಲ, ಪಕ್ಕದವಳು ಬಾಯಲ್ಲಿ ಸುಯ್ ಎಂದು ಶಬ್ದ ಮಾಡಿ, ಮಗುವಿಗೆ ಮಾಡಿಸುವ ಹಾಗೆ ಮಾಡಿಸಿದಳು. ಅಂಥ ಹೊತ್ತಿನಲ್ಲೂ ನಗು ಬಂತು. ಅಲ್ಬೀನಾ ಮೊದಲು ತನ್ನದು ತುಂಬಿಸಿ ಒಂದನೇ ನಂಬರು ಹಾಕಿದಳು. ಆಮೇಲೆ ಒಂದೊಂದೇ ಡಬ್ಬಿಯ ಮೇಲೆ ನಂಬರು ಬರೆದು, ತುಂಬಿದವಳ ಹೆಬ್ಬೆಟ್ಟು ಒತ್ತಿಸಿ ಐಸ್ ಪೆಟ್ಟಿಗೆಗೆ ಇಟ್ಟಳು.

ಇಪ್ಪತ್ತಾರನೇ ಡಬ್ಬಿಯ ಹೊತ್ತಿಗೆ ಪಿಕಪ್ಪು ಬಂತು.

ರೊಹೇಲಿಯೊಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಗಾಯಿತು. ಐಸ್ ಪೆಟ್ಟಿಗೆಗೆ ಒದ್ದ. ಡಬ್ಬಿಗಳು ಚೆಲ್ಲಾಪಿಲ್ಲಿಯಾದವು. ಅವನು ಬೂಟಿನ ಹಿಮ್ಮಡಿಯಿಂದ ಒಂದೊಂದನ್ನೇ ತುಳಿದು ಒಡೆಯತೊಡಗಿದ. ಅಲ್ಬೀನಾ ಡಬ್ಬಿಗಳ ಮೇಲೆ ಕವುಚಿ ಬಿದ್ದಳು. ಅವನು ಬೆನ್ನಿಗೆ ಒದ್ದ. ಪಕ್ಕೆಗೆ ಒದ್ದ. ಜಡೆ ಹಿಡಿದು ತಲೆ ಮೇಲೆತ್ತಿ ಬಾಯಿಗೆ ಮುಷ್ಟಿ ಬಿಟ್ಟ. ಎರಡು ಹಲ್ಲು ನಾಲಗೆಯ ಮೇಲೆ ಬಿದ್ದವು. ಮತ್ತೆ ಹೊಡೆದ. ಅವಳು ಏಳಲಿಲ್ಲ. ಹೊಟ್ಟೆಯ ಕೆಳಗಿನ ಡಬ್ಬಿಗಳನ್ನು ಎರಡೂ ಕೈಯಿಂದ ಒಳಗೆ ಬಾಚಿಕೊಳ್ಳುತ್ತಿದ್ದಳು.

"ಬಿಡು ಅವಳನ್ನ," ಎಂದಳು ದೊಡ್ಡ ಬಸುರಿ. ಅವನು ಬಿಡಲಿಲ್ಲ.

ಅವಳು ತನ್ನ ಗಾಡಿಯ ಎರಡು ಹಿಡಿಗಳನ್ನು ಹಿಡಿದು, ಓಡಿ ಬಂದು, ಅವನ ಮೊಣಕಾಲ ಹಿಂದೆ ಗುದ್ದಿದಳು. ಅವನು ಮಂಡಿಯೂರಿ ಬಿದ್ದ. ಎರಡನೇ ಗಾಡಿ ಭುಜಕ್ಕೆ ಬಂತು. ಮೂರನೆಯದು ಮುಖಕ್ಕೆ. ಆಮೇಲೆ ಯಾರು ಯಾವ ಗಾಡಿ ಎಂಬುದು ತಿಳಿಯಲಿಲ್ಲ. ಯಾರೂ ಕೂಗಲಿಲ್ಲ. ಕಬ್ಬಿಣ ಮೂಳೆಗೆ ಬೀಳುವ ಸದ್ದು ಮಾತ್ರ ಇತ್ತು. ಹತ್ತು ವರ್ಷ, ಹದಿನೈದು ವರ್ಷ ಬಗ್ಗಿದ ಬೆನ್ನುಗಳು ಅವು. ಹೊಡೆಯಲು ಮತ್ತೆ ಬಗ್ಗಬೇಕಾಗಿರಲಿಲ್ಲ. ಅವನು ಮೊಣಕೈ ಮೇಲೆ ತೆವಳುತ್ತ ಪಿಕಪ್ಪಿನ ಕಡೆಗೆ ಹೋದ. ಕಿವಿಯಿಂದ ರಕ್ತ ಸುರಿಯುತ್ತಿತ್ತು. ಅಮ್ಮಾ ಎಂದು ಅಳುತ್ತಿದ್ದ. ಅಲ್ಬೀನಾ ಸಾಕು ಎನ್ನಲಿಲ್ಲ. ಅವಳಿಗೆ ಸಂತೋಷವಾಯಿತು. ಆಮೇಲೆ ಯಾರು ಕೇಳಿದರೂ ಹಾಗೇ ಹೇಳಿದಳು, ಸಂತೋಷವಾಯಿತು ಎಂದೇ.

ಹದಿನೇಳು ಡಬ್ಬಿ ಉಳಿದಿದ್ದವು.

ಗುರುವಾರದ ವಿಚಾರಣೆ ನಡೆದದ್ದು ಕಚೇರಿಯ ಮೇಲ್ಮಹಡಿಯಲ್ಲಿ. ಎದುರಿಗೆ ಎತ್ತರದ ಮೇಜು, ಅದರ ಹಿಂದೆ ಐವರು ಸದಸ್ಯರು. ಬಲಗಡೆ ಕಂಪನಿಯ ವಕೀಲ. ಹಿಂದಿನ ಬೆಂಚುಗಳಲ್ಲಿ ಹೆಂಗಸರು, ಕೆಲಸದ ಬೂಟುಗಳಲ್ಲೇ ಬಂದಿದ್ದರು. ಫಿದೆನ್ಸಿಯಾ ಆಸ್ಪತ್ರೆಯವರು ಬೇಡವೆಂದರೂ ಗೋಡೆ ಹಿಡಿದುಕೊಂಡು ಬಂದು ಕೂತಿದ್ದಳು. ರೊಹೇಲಿಯೊ ದೂರು ಕೊಟ್ಟಿದ್ದ, ಬಾಗಿಲಲ್ಲಿ ಇಬ್ಬರು ಪೊಲೀಸರು ನಿಂತಿದ್ದರು. ಅಲ್ಬೀನಾ ಇಲ್ಲಿಂದ ಮನೆಗೆ ಹೋಗುವುದಿಲ್ಲ ಎಂಬುದು ಒಳಗಿದ್ದವರಿಗೆಲ್ಲ ಗೊತ್ತಿತ್ತು. ತನ್ನ ಮಕ್ಕಳಿಗೆ ತೋಮಾಸಜ್ಜಿಯಿದ್ದಾಳೆ ಎಂದು ಅವಳು ಬೆಳಗ್ಗೆಯೇ ಮನೆಯಲ್ಲಿ ಹೇಳಿ ಬಂದಿದ್ದಳು.

ಮಾತಾಡಲು ಒಬ್ಬರಿಗೆ ಮೂರು ನಿಮಿಷ. ಸ್ಪ್ಯಾನಿಷನ್ನು ಇಂಗ್ಲಿಷಿಗೆ ಹೇಳಲು ಇಲಾಖೆ ಕರೆಸಿದ್ದದ್ದು ಮರಿಸೆಲಾ ಮೇಡಂಳನ್ನೇ. ಅಲ್ಬೀನಾಳ ಬಾಯಿ ಊದಿ ಮಾತು ತೊದಲುತ್ತಿತ್ತು. ಬಿಟ್ಟು ಬಿಟ್ಟು ಹೇಳಿದಳು. ಆ ಕಾಗದ ಸುಳ್ಳು. ಡಬ್ಬಿಯಲ್ಲಿದ್ದದ್ದು ತೋಟವನ್ನೇ ಕಾಣದ ಒಬ್ಬ ಮುದುಕಿಯದು. ಭಯಕ್ಕೆ ಹಾಗೆ ಮಾಡಿದೆವು. ಮಾಡಿಸಿದವಳು ನಾನು. ಕಾಗದ ಬರೆದವರಿಗೂ ಅನುಮಾನವಿತ್ತು, ಆದರೂ ಬರೆದರು.

ಮರಿಸೆಲಾ ಎಲ್ಲವನ್ನೂ ಇಂಗ್ಲಿಷಿಗೆ ಹೇಳುತ್ತ ಬಂದಳು. ಕೊನೆಯ ಮಾತಿಗೆ ನಿಂತಳು. ಸಭೆ ಕಾಯಿತು. ಅಲ್ಬೀನಾ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮರಿಸೆಲಾ ಅದನ್ನೂ ಹೇಳಿದಳು. ಆಮೇಲೆ ತನ್ನ ಕಡೆಯಿಂದ, ಬರೆದವಳು ನಾನೇ, ಅವಳು ಹೇಳಿದ್ದು ನಿಜ ಎಂದೂ ಸೇರಿಸಿದಳು.

ವಕೀಲ ಎದ್ದ. ಬಹಳ ಮೆತ್ತಗೆ ಮಾತಾಡಿದ. ತಾನೇ ಮೋಸಗಾತಿ ಎಂದು ಒಪ್ಪಿಕೊಂಡವಳ ಮಾತಿಗೆ ಬೆಲೆ ಏನು. ಒಬ್ಬ ಮನುಷ್ಯನನ್ನು ಸಾಯುವಂತೆ ಬಡಿದವಳು ಇವಳು. ವಿಶ್ವವಿದ್ಯಾಲಯ ವರದಿಯನ್ನು ಅಧಿಕೃತವಾಗಿ ಹಿಂದಕ್ಕೆ ತೆಗೆದುಕೊಂಡಿಲ್ಲ. ಅಲ್ಲಿಯವರೆಗೆ ಈ ಹೆಂಗಸರ ಮೂತ್ರದಲ್ಲಿ ಏನೂ ಇಲ್ಲ ಎಂಬುದೇ ದಾಖಲೆ. ಅಧ್ಯಕ್ಷ ತಲೆಯಾಡಿಸಿ, ನಿಯಮದ ಮೇಲೆ ಮತ ಹಾಕೋಣವೇ ಎಂದು ಕೇಳಿದ.

ಅಲ್ಬೀನಾಗೆ ಇನ್ನೂ ಅರ್ಧ ನಿಮಿಷ ಉಳಿದಿತ್ತು. ಅವಳು ಐಸ್ ಪೆಟ್ಟಿಗೆ ತೆಗೆದಳು. ಹದಿನಾರು ಡಬ್ಬಿಗಳನ್ನು ಮರಿಸೆಲಾ ಕೈಗೆ ಬಿಟ್ಟು, ಒಂದನೇ ನಂಬರಿನದನ್ನು ಎತ್ತಿಕೊಂಡು ವಕೀಲನ ಹತ್ತಿರ ನಡೆದಳು. ಮುಚ್ಚಳ ತಿರುಗಿಸಿ ಅವನ ಕಾಗದಗಳ ಮೇಲೆ ಇಟ್ಟಳು.

"ಇದು ನಂದು," ಎಂದಳು. "ನಿನ್ನೆ ತುಂಬ್ಸಿದ್ದು. ಏನೂ ಇಲ್ಲ ಅಂತ ನಿಮ್ಮ ದಾಖಲೇಲಿದೆ. ಕುಡೀರಿ."

ಮರಿಸೆಲಾ ಅದನ್ನೂ ಇಂಗ್ಲಿಷಿಗೆ ಹೇಳಿದಳು. ಈ ಸಲ ತಡಮಾಡಲಿಲ್ಲ.

ವಕೀಲ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಗೋಡೆ ತಗುಲುವವರೆಗೆ ಸರಿಸಿದ. ಐವರಲ್ಲಿ ಒಬ್ಬಳು ಕರವಸ್ತ್ರ ತೆಗೆದು ಮೂಗು ಮುಚ್ಚಿಕೊಂಡಳು. ಅಧ್ಯಕ್ಷ ಪೊಲೀಸರಿಗೆ ಸನ್ನೆ ಮಾಡಿದ, ಅದನ್ನು ತೆಗೆಯಿರಿ ಎಂದು. ಇಬ್ಬರೂ ಮುಂದೆ ಬಂದರು. ಮೇಜಿನ ಹತ್ತಿರ ಬಂದು ನಿಂತರು. ಜೇಬಿನಿಂದ ರಬ್ಬರಿನ ಕೈಗವಸು ತೆಗೆದು, ಒಂದೊಂದೇ ಬೆರಳು ತೂರಿಸಿ ಹಾಕಿಕೊಳ್ಳತೊಡಗಿದರು. ಬರಿಗೈಯಲ್ಲಿ ಹಣ್ಣು ಕಿತ್ತ ಹೆಂಗಸರು ಅದನ್ನು ನೋಡುತ್ತ ಕೂತಿದ್ದರು.

ಹಿಂದಿನ ಬೆಂಚಿನಿಂದ ಫಿದೆನ್ಸಿಯಾ ಎದ್ದು ನಿಂತಳು. ಮುಂದಿನ ಬೆಂಚು ಹಿಡಿದುಕೊಂಡಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

"ಅವರಿಗ್ಯಾಕಕ್ಕಾ ಬಲವಂತ ಮಾಡ್ತೀಯ," ಎಂದಳು. "ನನ್ನ ಮಗು ಕುಡೀತಲ್ಲ, ನಾಲ್ಕು ತಿಂಗಳು."

ಅವಳು ಹೇಳಿದ್ದು ತಮ್ಮ ಬೆಟ್ಟದ ಮಾತಿನಲ್ಲಿ. ಮರಿಸೆಲಾಗೆ ಆ ಮಾತು ಬರುವುದಿಲ್ಲ. ಮೂವತ್ತಾರು ಹೆಂಗಸರು ಎದ್ದು ನಿಂತರು, ತಾವಾಗಿಯೇ. ಪೊಲೀಸನೊಬ್ಬ ಅಲ್ಬೀನಾಳ ತೋಳು ಹಿಂದಕ್ಕೆ ತಿರುಚಿದ, ಪೆಟ್ಟು ಬಿದ್ದ ಪಕ್ಕೆಯಿಂದ ನೋವು ತಲೆಯವರೆಗೆ ಹೋಯಿತು. ಅವಳು ಇನ್ನೊಂದು ಕೈಯಿಂದ ಡಬ್ಬಿಯನ್ನು ಮೇಜಿಗೆ ಒತ್ತಿ ಹಿಡಿದಿದ್ದಳು. ಆ ಕೈ ತೆಗೆಯಲಿಲ್ಲ.